ಬಾಟಲಿಯೊಳಗಿನ ಬಾವಿ

2023ರ ಡಿಸೆಂಬರ್ ಕೊನೆಯ ವಾರ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿಗೆ ಸೇರಿದ್ದವು. ಹೊರಕೆರೆದೇವಪುರದ ನಮ್ಮ ಕಣದಲ್ಲಿ ರಾತ್ರಿ ಕಾವಲು ಕೂರುವಷ್ಟು ರಾಗಿ ಬಂದಿರಲಿಲ್ಲ. ಆದರೂ ಮಾಗಿ ಚಳಿಗೆ ಬೆಂಕಿ ಹಾಕಿಕೊಂಡು ಕೂರುವ ರೂಢಿ ಬಿಡಲಾಗದೆ, ತಮ್ಮನ ಮಕ್ಕಳು ತೆಂಗಿನ ಒಣಗರಿ, ಮಟ್ಟೆಗಳನ್ನು ಎಳೆತಂದು ಒಟ್ಟಿದ್ದರು. ಅವರ ಮೊಬೈಲುಗಳಲ್ಲಿ ಅವತ್ತು ಒಂದೇ ಸುದ್ದಿ: ಚಿತ್ರದುರ್ಗದಲ್ಲಿ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದ ಮನೆಯೊಂದರಲ್ಲಿ ಐದು ಅಸ್ಥಿಪಂಜರಗಳು ಸಿಕ್ಕಿವೆ.

"ದೊಡ್ಡಪ್ಪ, ಬರೀ ಮೂಳೆ ನೋಡಿ ಯಾರದು ಏನು ಅಂತ ಹೆಂಗೆ ಹೇಳ್ತಾರೆ?" ಎಂದ ದೊಡ್ಡವನು.

ನಾನು ಹಲವು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ಗೊತ್ತಿದ್ದಷ್ಟು ಹೇಳಿದೆ. ಸೊಂಟದ ಮೂಳೆಯ ಅಗಲ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ಹಲ್ಲು ಸವೆದ ಬಗೆ, ಉದ್ದ ಮೂಳೆಗಳ ತುದಿ ಬೆಸೆದುಕೊಂಡಿರುವ ಬಗೆ ವಯಸ್ಸಿನ ಅಂದಾಜು ಕೊಡುತ್ತವೆ. ತೊಡೆಮೂಳೆ ಅಳೆದರೆ ಎತ್ತರ ಲೆಕ್ಕ ಹಾಕಬಹುದು. ಹಲ್ಲಿನ ಒಳಗೆ, ಮೂಳೆಯ ಒಳಗೆ ಡಿಎನ್‌ಎ ಉಳಿದಿದ್ದರೆ ರಕ್ತಸಂಬಂಧಿಕರ ಡಿಎನ್‌ಎ ಜೊತೆ ತಾಳೆ ನೋಡುತ್ತಾರೆ.

"ಅಂಗಾರೆ ಮೂಳೆ ಸುಳ್ಳು ಹೇಳಲ್ಲ ಬಿಡು," ಎಂದಳು ಚಿಕ್ಕವಳು.

ಹೌದು, ಹೇಳುವುದಿಲ್ಲ. ಆದರೆ ಆ ಮೂಳೆಯನ್ನು ಚೀಲಕ್ಕೆ ಹಾಕಿ ಚೀಟಿ ಅಂಟಿಸುವವನು ಮನುಷ್ಯ. ಆ ಮಾತು ಬಾಯಿಗೆ ಬಂದದ್ದೇ ತಡ, ಅಪ್ಪನ ನೆನಪಾಯಿತು. ಆ ಮಕ್ಕಳು ತಮ್ಮ ತಾತನನ್ನು ಸರಿಯಾಗಿ ನೋಡಿದವರಲ್ಲ. ಬೆಂಕಿಗೆ ಇನ್ನೆರಡು ಮಟ್ಟೆ ಹಾಕಿ, ಆ ಬಾವಿಯ ಕತೆಯನ್ನು ಅವತ್ತು ಮೊದಲ ಸಲ ಪೂರ್ತಿ ಹೇಳಿದೆ.

1994ರ ಮಾರ್ಚ್. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ದಿನಾ ಬೆಳಿಗ್ಗೆ ಬಂದ ಚೀಲದ ಮೊಹರು ಒಡೆಯದೆ ಇದೆಯೇ ಎಂದು ಎರಡು ಸಲ ನೋಡಿಯೇ ದಾರ ಕತ್ತರಿಸುವುದು, ಸಂಜೆ ಹೋಗುವ ಚೀಲದ ಬಾಯಿ ಕಟ್ಟಿ, ಅರಗು ಕರಗಿಸಿ, ಹಿತ್ತಾಳೆಯ ಮುದ್ರೆ ಒತ್ತುವುದು ಅವರ ಕೆಲಸ. ಅರಗಿನ ವಾಸನೆ ಅವರ ಅಂಗಿಗೇ ಹತ್ತಿಬಿಟ್ಟಿತ್ತು. ಓದು ಬರದವರ ಮನೆಗೆ ಹೋಗಿ ಕಾಗದ ಓದಿ ಹೇಳುವುದು ಅವರ ಕೆಲಸವಲ್ಲದಿದ್ದರೂ ಅದನ್ನೂ ಮಾಡುತ್ತಿದ್ದರು.

ನಮ್ಮ ಬೀದಿಯಲ್ಲೇ ಒಬ್ಬ ವಿಧವೆ ಇದ್ದಳು. ಅಪ್ಪನನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನಮಗೆ ಅತ್ತೆ. ಒಬ್ಬಳೇ ಮಗಳು. ಎರಡು ಹರಿದಾರಿ ಆಚೆಯ ಒಂದು ತೋಟದ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಆ ಹುಡುಗಿ ಏಳನೇ ತರಗತಿವರೆಗೆ ಓದಿದ್ದಳು. ಅವ್ವನಿಗೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದಳು. ಅದನ್ನು ಓದಿ ಹೇಳುತ್ತಿದ್ದದ್ದು ಅಪ್ಪನೇ. ಆ ಕಾಗದಗಳಲ್ಲಿ ಏನಿರುತ್ತಿತ್ತು ಎಂದು ಅಪ್ಪ ಮನೆಯಲ್ಲಿ ಒಂದು ಸಲವೂ ಬಾಯಿಬಿಟ್ಟಿರಲಿಲ್ಲ. ಅವರ ಮನೆಯಿಂದ ಬಂದ ದಿನ ಊಟ ಕಡಿಮೆ ಮಾಡುತ್ತಿದ್ದರು ಅಷ್ಟೇ.

ಹುಡುಗಿ ಕಾಣೆಯಾಗಿದ್ದಾಳೆ ಎಂಬ ಸುದ್ದಿ ಬಂದ ಎರಡು ದಿನಕ್ಕೆ ಗಂಡನ ಮನೆಯ ತೋಟದ ಬಾವಿಯಲ್ಲಿ ಹೆಣ ತೇಲಿತು. ನೀರು ಸೇದಲು ಹೋಗಿ ಕಾಲು ಜಾರಿದ್ದಾಳೆ ಎಂದರು ಅವರು. "ನನ್ನ ಮಗಳನ್ನ ಹೊಡೆದು ಸಾಯ್ಸಿ ಬಾವಿಗೆ ಹಾಕವ್ರೆ," ಎಂದು ಅತ್ತೆ ಬಾವಿಕಟ್ಟೆಯ ಮೇಲೆ ಮಣ್ಣು ತೂರಿದಳು. ಹೆಣದ ತಲೆಯ ಮೇಲೆ ಗಾಯವಿತ್ತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಹೀಗೆ ಸತ್ತರೆ ತಹಶೀಲ್ದಾರರೇ ಬಂದು ಶವ ತನಿಖೆ ಮಾಡಬೇಕೆಂಬ ನಿಯಮ ಆಗಲೇ ಇತ್ತು. ಹೊಳಲ್ಕೆರೆಯಿಂದ ಜೀಪು ಬಂತು. ಪಂಚರು ಬೇಕು ಎಂದಾಗ ಊರಿನವರು ಒಬ್ಬೊಬ್ಬರೇ ಹಿಂದೆ ಸರಿದರು. ಕೋರ್ಟು ಅಲೆಯುವುದು ಯಾರಿಗೆ ಬೇಕು? ಅಪ್ಪ ಮುಂದೆ ಬಂದರು.

ಬೆಳಿಗ್ಗೆಯ ಪಂಚನಾಮೆ ಮುಗಿದು ಹೆಣ ಪೋಸ್ಟ್‌ಮಾರ್ಟಂಗೆ ಹೋಯಿತು, ತಹಶೀಲ್ದಾರರೂ ಹೋದರು. ಮಧ್ಯಾಹ್ನ ಆಸ್ಪತ್ರೆಯಿಂದ ಠಾಣೆಯವರಿಗೆ ಒಂದು ಚೀಟಿ ಬಂತು: ಬಾವಿಯ ನೀರಿನ ಮಾದರಿ ಬೇಕು, ತೊಳೆದು ಒಣಗಿಸಿದ ಎರಡು ಗಾಜಿನ ಬಾಟಲಿಯಲ್ಲಿ.

ಆ ಚೀಟಿಯ ಅರ್ಥ ಅವತ್ತು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ಬಿ.ಎಸ್ಸಿ.ಗೆ ಹೋದ ಮೇಲೆ. ಎರಡು ದಿನ ಬಿಸಿಲಿಗೆ ನೀರಲ್ಲಿದ್ದ ಹೆಣ. ನೀರಲ್ಲಿ ಉಸಿರುಕಟ್ಟಿ ಸತ್ತವರ ಮೂಗು ಬಾಯಲ್ಲಿ ಕಾಣುವ ಬುರುಗು ಕೊಳೆಯುವುದರೊಳಗೆ ಅಳಿಸಿಹೋಗಿರುತ್ತದೆ. ಹಾಗಾದರೆ ನೀರಿಗೆ ಬಿದ್ದಾಗ ಜೀವವಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ವೈದ್ಯರು ಹಿಡಿದ ದಾರಿ ಡಯಾಟಮ್. ಬೆಳಕು ಬೀಳುವ ಕೆರೆ, ಬಾವಿ, ಹಳ್ಳ ಎಲ್ಲೇ ಇರಲಿ, ಕಲ್ಲಿನ ಮೇಲೆ ಕಂದು ಲೋಳೆಯಾಗಿ ಕೂರುವ ಪಾಚಿಯ ಜಾತಿ ಅದು. ಒಂದೊಂದೂ ಒಂದೇ ಜೀವಕೋಶ. ಅದರ ಮೈಗೆ ಸಿಲಿಕಾದ ಚಿಪ್ಪು, ಗಾಜಿನ ಪೆಟ್ಟಿಗೆಯ ಹಾಗೆ. ಬದುಕಿದ್ದವರು ಮುಳುಗಿದರೆ ನೀರನ್ನು ಎಳೆದುಕೊಳ್ಳುತ್ತಾರೆ. ಶ್ವಾಸಕೋಶದ ತೆಳು ಗೋಡೆ ಹರಿದು ಈ ಚಿಪ್ಪುಗಳು ರಕ್ತಕ್ಕೆ ಸೇರುತ್ತವೆ. ಇನ್ನೂ ಬಡಿಯುತ್ತಿರುವ ಹೃದಯ ಅವನ್ನು ಮೂಳೆಯ ಒಳಗಿನ ನೆಣದವರೆಗೂ ಒಯ್ಯುತ್ತದೆ. ಸತ್ತವರನ್ನು ನೀರಿಗೆ ಹಾಕಿದರೆ ಹೃದಯ ನಿಂತಿರುತ್ತದೆ, ಒಯ್ಯುವವರಿಲ್ಲ. ಪ್ರಯೋಗಾಲಯದಲ್ಲಿ ಮೂಳೆಯ ನೆಣವನ್ನು ನೈಟ್ರಿಕ್ ಆಸಿಡ್‌ನಲ್ಲಿ ಕುದಿಸುತ್ತಾರೆ. ನೆಣ, ನರ ಎಲ್ಲ ಕರಗಿ ಗಾಜಿನ ಚಿಪ್ಪು ಮಾತ್ರ ಉಳಿಯುತ್ತದೆ. ಉಳಿದ ಚಿಪ್ಪುಗಳೂ ಬಾವಿಯ ನೀರಿನ ಚಿಪ್ಪುಗಳೂ ಒಂದೇ ಬಗೆಯವೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

"ಎಲ್ಲಾ ನೀರೂ ಒಂದೇ ಅಲ್ವಾ ದೊಡ್ಡಪ್ಪ?" ಎಂದಳು ಹುಡುಗಿ.

1933ರಲ್ಲಿ ತುಂಬಿದ್ದ ಮಾರಿಕಣಿವೆ ಜಲಾಶಯ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದಾಗ ಈ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆ ನೀರಿನ ಬಣ್ಣ ನೆನಪಿಸಿಕೊ, ನಮ್ಮ ಕೆರೆಯ ನೀರಿನ ಬಣ್ಣ ನೆನಪಿಸಿಕೊ, ಎಂದೆ. ಕಣ್ಣಿಗೇ ಬೇರೆ ಕಾಣುವ ನೀರಿನ ಒಳಗೆ ಇರುವ ಜೀವಗಳ ಬಗೆಯೂ, ಅವುಗಳ ಪ್ರಮಾಣವೂ ಬೇರೆಯೇ. ಬೆಳಕೇ ಕಾಣದ ಬೋರ್‌ವೆಲ್ ನೀರಿನಲ್ಲಂತೂ ಡಯಾಟಮ್ ಇಲ್ಲವೆನ್ನುವಷ್ಟು ಕಡಿಮೆ.

ಬೋರ್‌ವೆಲ್ ಮಾತು ಸುಮ್ಮನೆ ಬಂದದ್ದಲ್ಲ. ಅವತ್ತು ನಡೆದದ್ದು ಇದು.

ಅದು ಕಲ್ಲುಕಟ್ಟಡದ ಹಳೆಯ ಕಪಿಲೆ ಬಾವಿ. ಮಾರ್ಚಿನಲ್ಲಿ ನೀರು ತಳಕ್ಕೆ ಇಳಿದಿತ್ತು. ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು, ಕೆಳಗಿನವಕ್ಕೆಲ್ಲ ಪಾಚಿ. ಬೆಳಿಗ್ಗೆಯಷ್ಟೇ ಹೆಣ ಎತ್ತಿದ ನೀರನ್ನು ಮುಟ್ಟಲು ಆಳುಮಕ್ಕಳು ಯಾರೂ ಒಪ್ಪಲಿಲ್ಲ. ಬೆಳಗಿನಿಂದ ಅನ್ನ ನೀರು ಕಾಣದೆ ಬಿಸಿಲಲ್ಲಿ ನಿಂತಿದ್ದ ಪೊಲೀಸಿನವನು ಬಾಟಲಿಗಳನ್ನು ತೆಗೆದುಕೊಂಡು ಹೋಗಿ, ದಾರಿ ಪಕ್ಕದ ಬೋರಿಂಗ್ ಒತ್ತಿ ತುಂಬಿಕೊಂಡು ಬಂದ. ಅವನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ನೀರು ಅಂದರೆ ನೀರು, ಸರ್ಕಾರಿ ಕಾಗದಕ್ಕೆ ಎರಡು ಬಾಟಲಿ ಬೇಕು, ಅಷ್ಟೇ ಅವನ ಲೆಕ್ಕ. ಅವನ ಮೇಲಿನವರು ಖಾಲಿ ಹಾಳೆ ಎರಡನ್ನು ಅಪ್ಪನ ಮುಂದಿಟ್ಟು, "ಇಲ್ಲೊಂದು ಸೈನ್ ಹಾಕಿ ಮೇಷ್ಟ್ರೇ, ಠಾಣೇಲಿ ಬರ್ಕೊಂತೀವಿ," ಎಂದರು. ಇನ್ನೊಬ್ಬ ಪಂಚ ಆಗಲೇ ಹಾಕಿಯಾಗಿತ್ತು.

ಅಪ್ಪ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ನೀರು ತಿಳಿಯಾಗಿ, ಕಲ್ಲುಸಕ್ಕರೆ ಕರಗಿಸಿದಂತಿತ್ತು.

"ಇದು ಆ ಬಾವೀದಲ್ಲ ಸ್ವಾಮಿ."

"ನೀರೇ ಅಲ್ವೇನ್ರಿ?"

"ಚೀಟಿಯಾಗೆ ಬಾವಿ ನೀರು ಅಂತ ಬರ್ದೈತೆ. ನಾನು ಬಾವಿ ನೀರು ಅಂತ ರುಜು ಹಾಕ್ಬೇಕು. ನಾಳೆ ನನ್ನ ಕೇಳ್ತಾರೆ."

ಮಾತಿಗೆ ಮಾತು ಬೆಳೆಯಿತು. ಪೋಸ್ಟಿನವನಿಗೆ ಪೊಲೀಸ್ ಕೆಲಸ ಯಾಕೆ ಎಂದರು. ಅಪ್ಪ ದನಿ ಏರಿಸಲಿಲ್ಲ. ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ಬಾಟಲಿಗಳನ್ನು ಖಾಲಿ ಮಾಡಿ, ಟವೆಲ್ಲಿನಲ್ಲಿ ಸೊಂಟಕ್ಕೆ ಬಿಗಿದುಕೊಂಡು ಬಾವಿಗೆ ಇಳಿದರು. ಕಟ್ಟೆಯ ಮೇಲೆ ನಿಂತ ನನಗೆ ಅವರ ನೆತ್ತಿ, ಕಲ್ಲು ಹಿಡಿದ ಬೆರಳು, ಕೆಳಗೆ ಹಸಿರುಗಪ್ಪು ನೀರು ಕಾಣುತ್ತಿತ್ತು. ಒಂದು ಕಲ್ಲಿನ ಮೇಲೆ ಕಾಲು ಜಾರಿತು. ನಾನು ಕೂಗಿಕೊಂಡೆ. ಅವರು ತಡವರಿಸಿ ನಿಂತು, ಬಗ್ಗಿ, ಎರಡೂ ಬಾಟಲಿಯನ್ನು ಆ ನೀರಿನಲ್ಲೇ ಎರಡೆರಡು ಸಲ ಗಲಬರಿಸಿ ಚೆಲ್ಲಿ, ಮೂರನೇ ಸಲ ತುಂಬಿಕೊಂಡು ಮೇಲೆ ಬಂದರು.

ಬಿರಡೆ ಹಾಕಿ ಬಟ್ಟೆ ಸುತ್ತಿ ದಾರ ಕಟ್ಟಿದರೆ ಅರಗು ಸಾಲಲಿಲ್ಲ. ಅಪ್ಪ ನನ್ನನ್ನು ಸೈಕಲ್ ಮೇಲೆ ಊರಿಗೆ ಓಡಿಸಿದರು. "ಆಫೀಸಿನದು ಮುಟ್ಟಬೇಡ, ಅದರ ಲೆಕ್ಕ ಬೇರೆ. ಶೆಟ್ಟರ ಅಂಗಡೀಲಿ ತಗೊ," ಎಂದು ಜೇಬಿನಿಂದ ಚಿಲ್ಲರೆ ಕೊಟ್ಟರು. ನಾನು ತಂದ ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ತೊಟ್ಟು ತೊಟ್ಟಾಗಿ ಗಂಟಿನ ಮೇಲೆ ಇಳಿಸಿದರು. ಅದು ಬಿಸಿಯಾಗಿರುವಾಗಲೇ ಠಾಣೆಯವರ ಮುದ್ರೆ ಒತ್ತಿಸಿದರು. ಅದೇ ಮುದ್ರೆಯ ಗುರುತನ್ನು ಒಂದು ಬೇರೆ ಕಾಗದದ ಮೇಲೂ ಒತ್ತಿಸಿದರು. ಅಲ್ಲಿ ಬಿಚ್ಚುವವರು ಎರಡನ್ನೂ ತಾಳೆ ನೋಡಲಿ ಎಂದು. ಆಮೇಲೆ, ಯಾವ ಬಾವಿ, ಯಾವ ದಿಕ್ಕಿನ ಮೆಟ್ಟಿಲು, ಎಷ್ಟು ಹೊತ್ತಿಗೆ ಎಂದು ಮಹಜರು ಪೂರ್ತಿ ಬರೆದು ಓದಿಸಿಕೊಂಡ ಮೇಲೆಯೇ ರುಜು. ಖಾಲಿ ಹಾಳೆಗಳು ಹರಿದುಹೋದವು. ಸೂರ್ಯ ಮುಳುಗಿತ್ತು.

ಅವತ್ತು ಅಪ್ಪನ ಮನಸ್ಸಿನಲ್ಲಿ ಏನಿತ್ತು ಎಂಬುದೇ ಈ ಕತೆಯಲ್ಲಿ ನನ್ನನ್ನು ಈಗಲೂ ಹಿಡಿದು ನಿಲ್ಲಿಸುವುದು. ಗಂಡನ ಮನೆಯವರೇ ಕೊಂದದ್ದು ಎಂದು ಅವರು ನಂಬಿದ್ದರು. ಆ ಕಾಗದಗಳನ್ನು ಓದಿದ್ದವರು ಅವರು ತಾನೇ.

ವರದಿ ಬೆಂಗಳೂರಿನಿಂದ ಬರುವುದಕ್ಕೆ ತಿಂಗಳುಗಳು ಹಿಡಿದವು, ಕೇಸು ಚಿತ್ರದುರ್ಗದ ಸೆಷನ್ಸ್ ಕೋರ್ಟಿಗೆ ಬರುವುದಕ್ಕೆ ವರ್ಷಗಳು. ಮೂಳೆಯ ನೆಣದಲ್ಲಿ ಡಯಾಟಮ್ ಸಿಕ್ಕಿದ್ದವು. ಬಾವಿಯ ನೀರಿನಲ್ಲಿದ್ದವೂ ಅದೇ ಬಗೆಯವು. ಅಂದರೆ ಆ ಹುಡುಗಿ ಆ ಬಾವಿಗೆ ಬಿದ್ದಾಗ ಜೀವವಿತ್ತು. ತಲೆಯ ಗಾಯ ಬೀಳುವಾಗ ಕಲ್ಲು ತಾಗಿ ಆಗಿರಬಹುದು ಎಂದರು ವೈದ್ಯರು. ಹೊಡೆದು ಸಾಯಿಸಿ ಬಾವಿಗೆ ಹಾಕಿದರೆಂಬ ಮಾತು ಕೋರ್ಟಿನಲ್ಲಿ ನಿಲ್ಲಲಿಲ್ಲ. "ನೀರು ತುಂಬಿದ್ದನ್ನು ಕಣ್ಣಾರೆ ಕಂಡಿರಾ?" ಎಂದು ವಕೀಲರು ಕೇಳಿದರು. "ನಾನೇ ಇಳಿದು ತುಂಬಿದೆ," ಎಂದರು ಅಪ್ಪ.

ಬೋರಿಂಗ್ ನೀರೇ ಹೋಗಿದ್ದರೆ? ಮೂಳೆಯಲ್ಲಿ ಚಿಪ್ಪು, ಬಾಟಲಿಯಲ್ಲಿ ಏನೂ ಇಲ್ಲ. ಬೇರೆಲ್ಲೋ ಮುಳುಗಿಸಿ ಕೊಂದು ತಂದು ಹಾಕಿದ್ದಾರೆ ಎಂದು ಯಾರಾದರೂ ಓದಿಕೊಳ್ಳುತ್ತಿದ್ದರು. ಅಪ್ಪ ನಂಬಿದ್ದಂತೆಯೇ ತೀರ್ಪು ಬರುತ್ತಿತ್ತೋ ಏನೋ. ಆ ಮನೆಯ ಮೂವರ ಕೊರಳು ಎರಡು ಬಾಟಲಿಯಲ್ಲಿತ್ತು.

ಇಷ್ಟು ಹೇಳಿ ಒಂದು ಮಾತು ಸೇರಿಸಲೇಬೇಕು. ಆ ಪರೀಕ್ಷೆ ದೇವರ ವಾಕ್ಯವಲ್ಲ. ಊಟದಿಂದ, ಉಸಿರಿನಿಂದಲೂ ಡಯಾಟಮ್ ಮೈ ಸೇರುವುದುಂಟು; ಮುಳುಗಿ ಸತ್ತವರಲ್ಲೂ ಅವು ಸಿಗದೆ ಹೋಗುವುದುಂಟು. ತೊಳೆಯುವ ನೀರಿನಿಂದ ಪ್ರಯೋಗಾಲಯದ ಗಾಜಿನ ಪಾತ್ರೆಗೂ ಹತ್ತಿಕೊಳ್ಳುತ್ತವೆ. ಅದಕ್ಕೇ ಜವಾಬ್ದಾರಿಯಿರುವ ವಿಜ್ಞಾನಿಗಳು ಬೇರೆ ಗುರುತುಗಳ ಜೊತೆ ಇಟ್ಟು ತೂಗಿ, "ಹೀಗಿರುವ ಸಂಭವ ಹೆಚ್ಚು" ಎನ್ನುತ್ತಾರೆ, ಅದರಾಚೆ ಹೋಗುವುದಿಲ್ಲ. ಇನ್ನೊಂದು, ಜಾರಿದಳೋ, ಹಾರಿದಳೋ, ಯಾರಾದರೂ ತಳ್ಳಿದರೋ, ಅದನ್ನು ಯಾವ ಚಿಪ್ಪೂ ಹೇಳುವುದಿಲ್ಲ. ಆ ಕಾಗದಗಳು ಏನಾದರೂ ಹೇಳಬಹುದಿತ್ತು. ಅಪ್ಪ ಅವುಗಳ ಬಗ್ಗೆಯೂ ಸಾಕ್ಷಿ ನುಡಿದರು. ಆದರೆ ಅತ್ತೆಯ ಮನೆಯಲ್ಲಿ ಉಳಿದಿದ್ದದ್ದು ಒಂದೇ ಕಾಗದ, ಉಳಿದವು ಒಲೆ ಸೇರಿದ್ದವು. ಕಿರುಕುಳದ ಕೇಸಿಗೆ ಬಂದ ನೆರೆಹೊರೆಯವರು ಕಟಕಟೆಯಲ್ಲಿ ನಿಂತು, ನಾವೇನೂ ಕಂಡಿಲ್ಲ ಎಂದರು. ಎಲ್ಲರೂ ಬಿಡುಗಡೆಯಾದರು.

ಅತ್ತೆ ಅವತ್ತಿನಿಂದ ನಮ್ಮ ಹೊಸ್ತಿಲು ತುಳಿಯಲಿಲ್ಲ. "ಆ ನೀರು ತರಕ್ಕೆ ನೀನ್ಯಾಕೆ ಇಳಿದೆ ಅಣ್ಣಾ?" ಎಂದು ಬೀದಿಯಲ್ಲಿ ನಿಂತು ಒಂದು ಸಲ ಕೇಳಿದಳು, ಅಷ್ಟೇ. ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

ಮುಂದೆ ತೆಲಗಿಯ ಛಾಪಾ ಕಾಗದದ ಹಗರಣ ಬಂತು. ಖಾನಾಪುರದ ಆ ಮನುಷ್ಯನಿಗೆ ಬೆಂಗಳೂರಿನಲ್ಲಿ ಸೋಡಿಯಂ ಪೆಂಟೋಥಾಲ್ ಚುಚ್ಚಿ ಮಂಪರು ಪರೀಕ್ಷೆ ಮಾಡಿದ್ದನ್ನು ಟೀವಿಯವರು ತೋರಿಸಿದರು. ಊರಿನ ಹೋಟ್ಲಿನಲ್ಲಿ ಟೀ ಕುಡಿಯುತ್ತಾ ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಯಾರೋ ಅಪ್ಪನಿಗೆ, "ಅವತ್ತೇ ಈ ಇಂಜೆಕ್ಷನ್ ಇದ್ದಿದ್ರೆ ಆ ಬಾವಿ ಕೇಸು ಒಂದೇ ದಿನಕ್ಕೆ ಬಯಲಾಗ್ತಿತ್ತು," ಎಂದರು. ತೊದಲುತ್ತಿದ್ದ ಆ ಮುಖವನ್ನು ಅಪ್ಪ ಸ್ವಲ್ಪ ಹೊತ್ತು ನೋಡಿ, "ಬೇರೆಯವರ ಕಾಗದ ಒಡೆದು ಓದಿದಂಗೆ ಅಲ್ವೇನ್ರೋ ಇದು," ಎಂದು ಎದ್ದು ಬಂದರು.

2010ರ ಮೇ 5ರಂದು ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್‌ಗೆ ಒಳಪಡಿಸುವಂತಿಲ್ಲ; ಒಪ್ಪಿದವರ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗುವುದಿಲ್ಲ ಎಂದಿತು. ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪು. ಕಣ್ಣಿನ ಪೊರೆಯಿಂದ ಓದಲಾಗದ ಅಪ್ಪನಿಗೆ ಪೇಪರು ಓದಿ ಹೇಳಿದವನು ನಾನು. ಎರಡು ಸಲ ಓದಿಸಿಕೊಂಡರು. ತಾನಾಗಿ ಬಾಯಿಬಿಡದವನ ತಲೆಯೊಳಗೆ ಕೈ ಹಾಕುವುದು ತಪ್ಪೆಂದು ಆ ದೊಡ್ಡ ಪೀಠ ಹೇಳುವುದಕ್ಕೆ ಮೊದಲೇ, ಒಡೆಯದ ಲಕೋಟೆಗಳನ್ನು ನಲವತ್ತು ವರ್ಷ ಮುಟ್ಟಿದ ಆ ಕೈಗಳಿಗೆ ಅದು ಗೊತ್ತಿತ್ತು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ. ಎಂ. ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದು ಒಂದೇ ಪಿಸ್ತೂಲು ಎಂದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿದಾಗ ಅಪ್ಪ ಇರಲಿಲ್ಲ. ಪ್ರತಿ ಪಿಸ್ತೂಲೂ ತಾನು ಹಾರಿಸಿದ ಗುಂಡಿನ ಮೇಲೆ, ತೋಟೆಯ ಹಿಂಬದಿಯಲ್ಲಿ ತನ್ನದೇ ಗೀರು ಬಿಡುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ನನಗೆ ಆ ಸುದ್ದಿ ಓದುವಾಗ ಕಣ್ಣಿಗೆ ಕಟ್ಟಿದ್ದು ಮೈಕ್ರೋಸ್ಕೋಪಲ್ಲ. ಧಾರವಾಡದಲ್ಲಿ ನೆಲದಿಂದ ಆ ತೋಟೆಗಳನ್ನು ಹೆಕ್ಕಿ, ಪೊಟ್ಟಣ ಕಟ್ಟಿ, ಎರಡು ವರ್ಷದ ಮೇಲೆ ಬೇಕಾದಾಗ ಹಾಗೆಯೇ ಸಿಗುವಂತೆ ಕಾಪಾಡಿದವರ ಕೈ.

"ಈಗ ಎಲ್ಲಾ ವಿಡಿಯೋ ಮಾಡ್ತಾರಲ್ಲ?" ಎಂದ ದೊಡ್ಡವನು. ಅಪರಾಧ ತನಿಖೆಯ ಹೊಸ ಕಾನೂನು ಸಂಸತ್ತಿನಲ್ಲಿ ಆಗಷ್ಟೇ ಪಾಸಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಅದರ ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕು. ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ ವಿಧಿವಿಜ್ಞಾನದ ಪರಿಣತರೇ ಸ್ಥಳಕ್ಕೆ ಹೋಗಬೇಕು, ಇದನ್ನು ಜಾರಿಮಾಡಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ. ಒಳ್ಳೆಯದೇ ಆಯಿತು. ದಾವಣಗೆರೆಯಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ, ಎಲ್ಲದಕ್ಕೂ ಬೆಂಗಳೂರಿಗೆ ಕಾಯಬೇಕಿಲ್ಲ. ಆದರೆ ವಿಡಿಯೋ ಶುರುವಾಗುವ ಮೊದಲೇ ಬಾಟಲಿ ತುಂಬಿದ್ದರೆ? ಅದನ್ನು ಕೇಳುವವರು ಕಟ್ಟೆಯ ಮೇಲೆ ಒಬ್ಬರಾದರೂ ನಿಂತಿರಬೇಕು ಮಗ, ಎಂದೆ.

ಬೆಂಕಿ ಕೆಂಡವಾಗಿತ್ತು. "ಆ ಅಜ್ಜಿ ಆಮೇಲೆ ಬರಲೇ ಇಲ್ವಾ?" ಎಂದಳು ಚಿಕ್ಕವಳು.

ಬಂದಳು. ಅಪ್ಪ ತೀರಿಕೊಂಡ ಹನ್ನೊಂದನೇ ದಿನ. ಕರೆಯಲು ಹೋಗುವ ಧೈರ್ಯ ನಮಗಿರಲಿಲ್ಲ, ತಾನೇ ಬಂದಳು. ಫೋಟೋದ ಮುಂದೆ ಕೂತು ಎದ್ದು, ಹಿತ್ತಲಲ್ಲಿ ನನ್ನ ಹತ್ತಿರ ಬಂದು ಕೇಳಿದಳು. "ನಿಮ್ಮಪ್ಪ ಆವತ್ತು ಬಾವಿಯಾಗಿಂದ ತಂದ ನೀರಾಗೆ ಏನಿತ್ತಪ್ಪ? ಯಾರೂ ನಂಗೆ ಹೇಳ್ಲಿಲ್ಲ."

ಮಕ್ಕಳಿಗೆ ತೋರಿಸಲೆಂದು ನಾನೇ ಕೊಂಡಿದ್ದ ಸಣ್ಣ ಮೈಕ್ರೋಸ್ಕೋಪ್ ಮನೆಯಲ್ಲಿತ್ತು. ಆ ಬಾವಿ ಬತ್ತಿ ಎಷ್ಟೋ ವರ್ಷವಾಗಿ ಮುಳ್ಳು ತುಂಬಿತ್ತು. ಕೆರೆಗೆ ಹೋಗಿ, ನೀರಂಚಿನ ಕಲ್ಲಿನ ಕಂದು ಲೋಳೆಯನ್ನು ಕೆರೆದು ತಂದೆ. ಗಾಜಿನ ಮೇಲೆ ಒಂದು ತೊಟ್ಟು ಇಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಅತ್ತೆಯನ್ನು ಬಗ್ಗಿಸಿದೆ. ಮೊದಲು ಅವಳಿಗೆ ಅವಳದೇ ರೆಪ್ಪೆ ಕಂಡಿತು. ಆಮೇಲೆ ಸುಮ್ಮನಾದಳು.

"ಜೀರಿಗೆ ಕಾಳು ಇದ್ದಂಗೆ ಅವೆ. ಹರಿದಾಡ್ತಾವೆ."

"ಹ್ಞೂಂ ಅತ್ತೆ."

"ಇವೇನಾ ನನ್ನ ಮಗಳ ಮೂಳೆಯಾಗೆ ಇದ್ದಿದ್ದು?"

ಇವೇ ಅಲ್ಲ, ಇಂಥವು ಎಂದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿದಳು. ಬಿಸಿಲು ಸರಿದು ಕತ್ತಲಾದಾಗ, "ಕಾಣಲ್ಲಪ್ಪ," ಎಂದಳು. ಕನ್ನಡಿಯನ್ನು ಬೆಳಕಿನ ಕಡೆಗೆ ಇನ್ನಷ್ಟು ತಿರುಗಿಸಿಕೊಟ್ಟೆ.